ನೆಲಕ್ಕಿಂತ ಒಂದು ಬೆರಳು ಮೇಲೆ

ನನ್ನ ಮಗಳು ಹುಟ್ಟಿದ ಗಳಿಗೆಯಲ್ಲಿ ಅವಳನ್ನು ಹಿಡಿಯಲು ನರ್ಸು ಕೈ ಚಾಚಿದ್ದು ಮೇಲಕ್ಕೆ. ಹೊಕ್ಕುಳಬಳ್ಳಿಯನ್ನು ಇನ್ನೂ ಕತ್ತರಿಸಿರಲಿಲ್ಲ. ಅದೊಂದು ಇದ್ದುದರಿಂದ ಅವಳು ಚಾವಣಿಯ ಬಲೆಯವರೆಗೆ ಹೋಗದೆ ನನ್ನ ಹೊಟ್ಟೆಯಿಂದ ಮೊಳದೆತ್ತರದಲ್ಲಿ ತಡೆದು ನಿಂತಳು. ಆರೂವರೆ ತಿಂಗಳಿಗೇ ಹೊರಟು ಬಂದವಳು. ಬಾಳೆಮೂತಿಯಂಥ ಕೆಂಪು ಮೈ, ನನ್ನ ಹೆಬ್ಬೆರಳಿನಷ್ಟು ಪಾದ. ಅಷ್ಟು ಕೆಂಪಗಿದ್ದಳೆಂದು ಅಲ್ಲೇ, ಮಲಗಿದ ಕಡೆಯಿಂದಲೇ, ಕೆಂಚಿ ಎಂದು ಕರೆದೆ.

"ಈಗ್ಲೇ ಹೆಸರಿಡಬಾರದು ಕಂಡಕ್ಟರಮ್ಮ," ಎಂದರು ನೂರ್‌ಜಾನ್ ಸಿಸ್ಟರ್. "ಗಾಳಿಕೂಸಿಗೆ ನೆಲ ಮುಟ್ಟಿದ ಮೇಲೆ ಹೆಸರು."

"ಬಸ್ ಹತ್ತಿದೋರಿಗೆ ಹತ್ತಿದ ತಕ್ಷಣ ಟಿಕೆಟ್ ಕೊಡ್ತೀನಿ ಸಿಸ್ಟರ್. ಇಳಿಯೋವರೆಗೂ ಕಾಯಲ್ಲ."

ಅವರು ನಗಲಿಲ್ಲ. ಎರಡೂ ಅಂಗೈಯನ್ನು ಅವಳ ಬೆನ್ನ ಮೇಲೆ ಬೋರಲಾಗಿಟ್ಟು, ನೀರಿನಲ್ಲಿ ತೇಲುವ ಬಿಂದಿಗೆಯನ್ನು ಒತ್ತಿ ಹಿಡಿಯುವವರ ಹಾಗೆ ಹಿಡಿದುಕೊಂಡು ಬಾಗಿಲು ದಾಟಿ ಹೋದರು.

ನಮ್ಮೂರಲ್ಲಿ ದಿನ ತುಂಬದೆ ಹುಟ್ಟಿದ ಜೀವ ನೆಲಕ್ಕೆ ನಿಲ್ಲುವುದಿಲ್ಲ. ಕರು, ಕುರಿಮರಿ, ನಾಯಿಮರಿ, ಮನುಷ್ಯರ ಕೂಸು, ಎಲ್ಲಕ್ಕೂ ಅದೇ. ಕೊಟ್ಟಿಗೆಗಳ ಸೂರಿಗೆ ಬಲೆ ಕಟ್ಟಿರುತ್ತಾರೆ. ಗಬ್ಬದ ಹಸುವನ್ನು ಬಯಲಿಗೆ ಬಿಡುವವನನ್ನು ಊರೆಲ್ಲ ಬೈಯುತ್ತದೆ. ಕುರಿ ಸಾಕಿದ ನನ್ನ ಅಪ್ಪ ಅವಧಿಗೆ ಮುಂಚೆ ಬಿದ್ದ ಮರಿಯ ಕೊರಳಿಗೆ ಹುಣಸೆಬೀಜದಷ್ಟು ಕಲ್ಲು ಕಟ್ಟುತ್ತಿದ್ದ. ಹತ್ತರಲ್ಲಿ ಆರು ಬದುಕುತ್ತಿದ್ದವು. ಬೆಳೆಯುತ್ತ ಬೆಳೆಯುತ್ತ ಅವು ತಾವಾಗಿ ಕೆಳಗಿಳಿಯುತ್ತವೆ. ಸತ್ತರೂ ಕೆಳಗಿಳಿಯುತ್ತವೆ. ಹಾಗಾಗಿ ನಮ್ಮೂರಲ್ಲಿ ಗಾಳಿಕೂಸು ಹಾಸಿಗೆಗೆ ತಾಗಿದೆ ಎಂದು ಕೇಳಿದವರು ಹಿಗ್ಗುವ ಮೊದಲು ಒಂದು ಕ್ಷಣ ಸುಮ್ಮನಿರುತ್ತಾರೆ.

ಆಸ್ಪತ್ರೆಯ ಪುಟ್ಟ ವಾರ್ಡಿನಲ್ಲಿ ಆರು ಗಾಜಿನ ಪೆಟ್ಟಿಗೆಗಳಿದ್ದವು. ಕೆಂಚಿಯದು ಐದನೆಯದು. ಪೆಟ್ಟಿಗೆಯ ಪಕ್ಕದಲ್ಲಿ ಹಾಸಿಗೆಯಿಂದ ಮುಚ್ಚಳದವರೆಗೆ ಹದಿಮೂರು ಕೆಂಪು ಗೆರೆ, ಗೆರೆಯಿಂದ ಗೆರೆಗೆ ಒಂದು ಬೆರಳು. ದಿನಾ ಬೆಳಿಗ್ಗೆ ಎಂಟಕ್ಕೆ ಸಿಸ್ಟರ್ ಬಗ್ಗಿ, ಒಂದು ಕಣ್ಣು ಮುಚ್ಚಿ, ಕೂಸಿನ ಬೆನ್ನು ಯಾವ ಗೆರೆಗಿದೆ ಎಂದು ನೋಡಿ ಬರೆಯುತ್ತಿದ್ದರು. ಎಷ್ಟು ಹಾಲು, ಎಷ್ಟು ಔಷಧಿ, ಉಸಿರಿನ ಯಂತ್ರ ಎಷ್ಟು ಜೋರು, ಎಲ್ಲವೂ ಆ ಬೆರಳಿನ ಲೆಕ್ಕದ ಮೇಲೆ. ಕೆಂಚಿ ಹನ್ನೆರಡರಲ್ಲಿದ್ದಳು. ಬಾಯಿಗೊಂದು ನಳಿಗೆ, ಕಾಲಿಗೊಂದು ಸೂಜಿ, ಎದೆಯ ಮೇಲೆ ಮೂರು ತಂತಿ. ದೂರದಿಂದ ನೋಡಿದರೆ ಅವುಗಳೇ ಅವಳನ್ನು ಕೆಳಕ್ಕೆ ಜಗ್ಗಿ ಹಿಡಿದಿರುವಂತೆ ಕಾಣುತ್ತಿತ್ತು.

ವಾರ್ಡಿನ ಪಕ್ಕಕ್ಕೆ ಇನ್ನೊಂದು ಕೋಣೆ ಇತ್ತು. ಅದರೊಳಗೆ ಒಂದು ಏಣಿ, ಚಾವಣಿಯಲ್ಲೊಂದು ಕಿಂಡಿ, ಕಿಂಡಿಗೆ ಬೀಗ. ಬೇರೇನೂ ಇಲ್ಲ. ಕೂಸಿಗೆ ಮೂರು ಸಲ ಹಿನ್ನಡೆಯಾದರೆ, ಅಂದರೆ ಇಳಿಯುತ್ತಿದ್ದದ್ದು ಮೂರು ಸಲ ಮತ್ತೆ ಮೇಲೇರಿದರೆ, ಅದಕ್ಕೆ ಇಲ್ಲಿರಲು ಮನಸ್ಸಿಲ್ಲ ಎಂದು ಅರ್ಥ. ಆಗ ಪುರಸಭೆಯ ಗುರುಪಾದಪ್ಪ ಬೀಗದ ಕೈ ತರುತ್ತಾರೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರು ಸಹಿ ಹಾಕಿದರೆ ಸಾಕು. ಸೂರ್ಯ ನೆತ್ತಿಗೆ ಬಂದಾಗ ಕಿಂಡಿ ತೆರೆಯುತ್ತಾರೆ, ಹೊಸ ಬಟ್ಟೆ ಸುತ್ತಿ ಕೈ ಬಿಡುತ್ತಾರೆ. ಅದಕ್ಕೆ ಯಾರೂ ಕೆಟ್ಟ ಹೆಸರು ಹೇಳುವುದಿಲ್ಲ. "ಮೇಲಕ್ಕೆ ಕೊಟ್ಟರು" ಎನ್ನುತ್ತಾರೆ, ಹೆಣ್ಣು ಕೊಟ್ಟರು ಎಂದಷ್ಟೇ ಸಲೀಸಾಗಿ. ನಮ್ಮ ಬೀದಿಯಲ್ಲೇ ಏಳು ಮನೆಯವರು ಕೊಟ್ಟಿದ್ದಾರೆ.

ನನ್ನ ಅತ್ತೆ ಹನುಮಕ್ಕನೂ ಕೊಟ್ಟವರೇ. ನನ್ನ ಗಂಡ ತಿಪ್ಪೇಶಿ ಹುಟ್ಟುವ ಎರಡು ವರ್ಷ ಮೊದಲು ಹುಟ್ಟಿದ ಹೆಣ್ಣುಕೂಸು. ಮೂವತ್ತನಾಲ್ಕು ವರ್ಷದಿಂದ ದಿನವೂ ಸಂಜೆ ಮಾಳಿಗೆ ಹತ್ತಿ ಮೇಲೆ ನೋಡುತ್ತ ನಿಲ್ಲುತ್ತಾರೆ. ಮೊಣಕಾಲು ನೋವು ಬಂದ ಮೇಲೂ ಬಿಟ್ಟಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಒಂದು ಸಲ ಕೇಳಿದ್ದೆ, ಏನು ನೋಡ್ತೀರಿ ಅತ್ತೆ ಎಂದು. "ಈಗವಳಿಗೆ ಎರಡು ಮಕ್ಕಳಾಗಿರಬೇಕು," ಎಂದಿದ್ದರು.

ಅವರು ಆಸ್ಪತ್ರೆಗೆ ಬಂದದ್ದು ಕೆಂಚಿಗೆ ಆರನೇ ದಿನ. ಅವಳು ಆಗ ಹತ್ತಕ್ಕೆ ಇಳಿದಿದ್ದಳು. ಉಸಿರಿನ ನಳಿಗೆ ತೆಗೆದಿದ್ದರು. ಅತ್ತೆ ಕೈಯನ್ನು ಮೊಣಕೈವರೆಗೆ ತೊಳೆದು, ಸಿಸ್ಟರ್ ಕೊಟ್ಟ ಗೌನು ತೊಟ್ಟು, ಪೆಟ್ಟಿಗೆಯ ಪಕ್ಕ ನಿಂತು ಮೊಮ್ಮಗಳನ್ನು ಬಹಳ ಹೊತ್ತು ನೋಡಿದರು.

"ಥೇಟ್ ಹಂಗೇ ಐತೆ," ಎಂದರು.

"ಯಾರ ಹಂಗೆ?"

ಅತ್ತೆ ತಾವು ಹೆಣೆದು ತಂದಿದ್ದ ಬಿಳಿಯ ಟೊಪ್ಪಿಗೆಯನ್ನು ಸಿಸ್ಟರ್ ಕೈಗೆ ಕೊಟ್ಟರು. ಟೊಪ್ಪಿಗೆಯ ಅಂಚನ್ನು ಎರಡು ಮಡಿಕೆ ಮಾಡಿ ಹೆಣೆದಿದ್ದರು. ಕಿತ್ತಳೆಹಣ್ಣಿಗೆ ಹಾಕಬಹುದಾದಷ್ಟು ಚಿಕ್ಕದು.

ಮಾರನೆಯ ದಿನ ಕೆಂಚಿ ಉಸಿರಾಡುವುದನ್ನು ಮರೆತಳು. ಅಷ್ಟು ಬೇಗ ಬಂದ ಕೂಸುಗಳು ಮರೆಯುತ್ತವಂತೆ. ಒಂದು ಸಲ ಅಂಗಾಲಿಗೆ ಬೆರಳಿನಿಂದ ತಟ್ಟಿದರೆ ನೆನಪಾಗುತ್ತದೆ. ಅವತ್ತು ನೂರ್‌ಜಾನ್ ಸಿಸ್ಟರ್ ಹನ್ನೊಂದು ಸಲ ತಟ್ಟಿದರು. ಹನ್ನೆರಡನೆಯ ಸಲಕ್ಕೆ ಯಂತ್ರ ಮತ್ತೆ ಬಂತು, ನಳಿಗೆ ಮತ್ತೆ ಬಾಯೊಳಗೆ ಹೋಯಿತು, ಕೆಂಚಿ ಹನ್ನೆರಡಕ್ಕೆ ಏರಿದಳು. ಇದು ಒಂದು. ಇಪ್ಪತ್ತನೇ ದಿನದ ಹೊತ್ತಿಗೆ ಒಂಬತ್ತಕ್ಕೆ ಇಳಿದಿದ್ದವಳಿಗೆ ಕಾಲಿನ ಸೂಜಿಯ ಜಾಗದಿಂದ ರಕ್ತಕ್ಕೆ ನಂಜೇರಿತು. ಮೈ ಬೂದಿಬಣ್ಣಕ್ಕೆ ತಿರುಗಿತು. ಹನ್ನೊಂದಕ್ಕೆ ಏರಿದಳು. ಇದು ಎರಡು.

ಆ ಎರಡನೆಯದು ಕಳೆದು, ಅವಳು ಮತ್ತೆ ಹತ್ತಕ್ಕೆ ಇಳಿದ ದಿನ ಡಾಕ್ಟರ್ ಮರಿಸ್ವಾಮಿ ನಮ್ಮಿಬ್ಬರನ್ನೂ ಕರೆದರು. ಸಣ್ಣ ದನಿಯ ಮನುಷ್ಯ. ಮಾತಾಡುವಾಗ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದರು.

"ನೋಡಮ್ಮ, ಏಳಕ್ಕಿಳಿದು ಏಳು ದಿನ ನಿಂತ್ರೆ ಹಿಂದಿನ ಎರಡನ್ನೂ ಹೊಡೆದು ಹಾಕ್ತೀವಿ. ಹೊಸದಾಗಿ ಎಣಿಸ್ತೀವಿ. ಅದಕ್ಕೆ ಮುಂಚೆ ಇನ್ನೊಂದು ಸಲ ಏರಿದ್ರೆ ಮಾತ್ರ ನನ್ನ ಕೈಲಿಲ್ಲ. ಗುರುಪಾದಪ್ಪನೋರು ಬರ್ತಾರೆ."

"ಅವ್ರು ಬಂದ್ರೆ ಕಾಫಿ ಕುಡ್ಕೊಂಡು ಹೋಗ್ಲಿ ಸಾರ್," ಎಂದೆ. ತಿಪ್ಪೇಶಿ ನನ್ನ ಮೊಣಕೈ ಹಿಂಡಿದ.

ತಿಪ್ಪೇಶಿ ನೀರಿನ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸದವನು. ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರ ಸುತ್ತು ಸುತ್ತಿದರೂ ಅವನ ಕೈಯಲ್ಲಿ ಒಂದು ಎಳೆಯೂ ತುಂಡಾಗುವುದಿಲ್ಲ. ಅಂಥವನು ಪೆಟ್ಟಿಗೆಯ ತೂತಿನೊಳಗೆ ಕೈ ಹಾಕಿ ಮಗಳನ್ನು ಮುಟ್ಟಲು ಹೆದರುತ್ತಿದ್ದ. "ನನ್ನ ಕೈ ಒರಟು ಕಣೇ," ಎಂದು ಹಿಂದೆ ನಿಲ್ಲುತ್ತಿದ್ದ. ಪೆಟ್ಟಿಗೆಯ ಯಂತ್ರ ಕಿರುಗುಟ್ಟಿದಾಗಲೆಲ್ಲ ಅವನ ಮುಖ ಮಗಳಿಗಿಂತ ಮೊದಲು ಬೂದಿಯಾಗುತ್ತಿತ್ತು.

ಈಗ ನಾನು ಮಾಡಿದ್ದನ್ನು ಹೇಳಬೇಕು.

ಡಿಪೋದಲ್ಲಿ ಬಸ್ಸಿನ ಮೀಟರಿಗೆ ಸೀಸದ ಸೀಲು ಹಾಕುತ್ತಾರೆ. ಕಡಲೆಕಾಳಿನಷ್ಟು ಗುಂಡು. ಕಿತ್ತ ಹಳೆಯ ಸೀಲುಗಳು ಯಾವಾಗಲೂ ನನ್ನ ಟಿಕೆಟ್ ಬ್ಯಾಗಿನ ಮೂಲೆಯಲ್ಲಿ ಒಂದಷ್ಟು ಬಿದ್ದಿರುತ್ತವೆ. ನಾಲ್ಕನ್ನು ಆರಿಸಿದೆ. ನೀರಲ್ಲಿ ಕುದಿಸಿದೆ. ಹತ್ತಿಯಲ್ಲಿ ಸುತ್ತಿದೆ. ಮಧ್ಯಾಹ್ನ ನಾಲ್ಕರ ಭೇಟಿಯ ಹೊತ್ತಿನಲ್ಲಿ ಸಿಸ್ಟರ್ ಪಕ್ಕದ ಪೆಟ್ಟಿಗೆಯ ಕೂಸಿಗೆ ಹಾಲು ಹಾಕುತ್ತಿದ್ದಾಗ, ತೂತಿನೊಳಗೆ ಕೈ ಹಾಕಿ, ಮೈ ಒಂದೇ ಕಡೆ ವಾಲದ ಹಾಗೆ ಎರಡನ್ನು ಟೊಪ್ಪಿಗೆಯ ಮಡಿಕೆಗೆ, ಉಳಿದೆರಡನ್ನು ಕಾಲುಚೀಲಗಳಿಗೆ ಒಂದೊಂದರಂತೆ ಸೇರಿಸಿದೆ. ಕೆಂಚಿ ಮೆಲ್ಲಗೆ, ಬಾವಿಗೆ ಇಳಿಬಿಟ್ಟ ಕೊಡದ ಹಾಗೆ, ಹತ್ತರಿಂದ ಏಳಕ್ಕೆ ಬಂದು ನಿಂತಳು. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಮೋಸ ಮಾಡುತ್ತಿದ್ದೇನೆ ಅನ್ನಿಸಲಿಲ್ಲ. ನನ್ನ ಅಪ್ಪ ಮರಿಗಳಿಗೆ ಮಾಡುತ್ತಿದ್ದುದನ್ನೇ ಮಾಡಿದೆ ಅನ್ನಿಸಿತು. ಆಸ್ಪತ್ರೆಯಲ್ಲಿ ಭಾರ ಕಟ್ಟಬಾರದು ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಓದಲು ಬರುತ್ತಿದ್ದ ನಾನು ಅದನ್ನು ದಿನಾ ಓದುತ್ತಿದ್ದೆ.

ಬೆಳಿಗ್ಗೆ ಎಂಟಕ್ಕೆ ಸಿಸ್ಟರ್ ಏಳು ಎಂದು ಬರೆದರು. ಡಾಕ್ಟರು ಎರಡು ಸಲ ಬಗ್ಗಿ ನೋಡಿ ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕರು. "ಏಳು ಬೆರಳಿನ ಕೂಸಿಗೆ ಎಂಟು ಎಂಎಲ್," ಎಂದು ಹಾಲನ್ನು ಮೂರರಿಂದ ಎಂಟಕ್ಕೆ ಏರಿಸಿದರು. ಹೆಚ್ಚು ಹಾಲು ಹೋದರೆ ಬೇಗ ಬೆಳೆಯುತ್ತಾಳೆ ಎಂದು ನಾನೂ ನಕ್ಕೆ. ಅಷ್ಟು ಹಾಲನ್ನು ನಾನೇ ಬಟ್ಟಲಿಗೆ ಹಿಂಡಿ ಕೊಟ್ಟೆ.

ಮೂರನೆಯ ದಿನ ಮಧ್ಯಾಹ್ನ ಅವಳ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಚರ್ಮದ ಕೆಳಗೆ ಕರುಳಿನ ಸುರುಳಿ ಕಾಣುತ್ತಿತ್ತು. ನಳಿಗೆಯಲ್ಲಿ ಹಸಿರು ನೀರು ಹಿಂದಕ್ಕೆ ಬರುತ್ತಿತ್ತು. ನಾನು ಕಾಲುಚೀಲ, ಟೊಪ್ಪಿಗೆ ಎರಡನ್ನೂ ಕಿತ್ತು ಬ್ಯಾಗಿಗೆ ತುರುಕಿ "ಸಿಸ್ಟರ್" ಎಂದು ಕೂಗಿದೆ. ಅವರು ಬರುವಷ್ಟರಲ್ಲಿ ಕೆಂಚಿ ಸೀದಾ ಮೇಲೆದ್ದು ಮುಚ್ಚಳದ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಹದಿಮೂರು. ಅದಕ್ಕಿಂತ ಮೇಲೆ ಗೆರೆಯೇ ಇರಲಿಲ್ಲ.

ಕರುಳಿಗೆ ನಂಜಾಗಿದೆ ಎಂದರು. ಹಾಲು ನಿಂತಿತು. ಎರಡು ಬಗೆಯ ಔಷಧಿ ಶುರುವಾಯಿತು. ಏಳರಿಂದ ಹದಿಮೂರಕ್ಕೆ ಒಂದೇ ಸಲ ಏರಿದ ಕೂಸನ್ನು ತಮ್ಮ ಸರ್ವಿಸಿನಲ್ಲೇ ನೋಡಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನಾನು ಬಾಯಿ ಬಿಡಲಿಲ್ಲ. ಭಾರ ಕಟ್ಟಿದವರನ್ನು ಮಗು ಮನೆಗೆ ಹೋಗುವವರೆಗೆ ವಾರ್ಡಿನೊಳಗೆ ಸೇರಿಸುವುದಿಲ್ಲ ಎಂದೂ ಅದೇ ಗೋಡೆಯ ಮೇಲೆ ಬರೆದಿತ್ತು. ಒಂದು ದಿನವಿಡೀ ಸುಮ್ಮನಿದ್ದೆ. ನನ್ನ ಜೀವನದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ದಿನ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಗುರುಪಾದಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಉದ್ದನೆಯ ಪುಸ್ತಕ, ಸೊಂಟದಲ್ಲಿ ಬೀಗದ ಕೈ. ಅವರ ಹಿಂದೆ ಅತ್ತೆ. ಅತ್ತೆಯ ಕೈಯಲ್ಲಿ ಮಡಿಸಿದ ಹೊಸ ಬಟ್ಟೆ. ತಿಪ್ಪೇಶಿ ಆಗಲೇ ಕಿಂಡಿಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ.

"ತಾಯಿ, ಬೇಜಾರು ಮಾಡ್ಕೋಬೇಡಿ," ಎಂದರು ಗುರುಪಾದಪ್ಪ. ನಿಜವಾಗಿಯೂ ಒಳ್ಳೆಯ ಮನುಷ್ಯ. ಬಸ್ಸಿನಲ್ಲಿ ಎಷ್ಟೋ ಸಲ ಎದ್ದು ಮುದುಕಿಯರಿಗೆ ಸೀಟು ಬಿಟ್ಟುಕೊಟ್ಟಿದ್ದನ್ನು ಕಂಡಿದ್ದೇನೆ. "ಕೂಸಿಗೆ ನೋವು ಆಗಲ್ಲ. ಬಿಸಿಲಿಗೆ ಹೋದ ತಕ್ಷಣ ನಗ್ತವೆ. ನಾನೇ ಕಂಡಿದೀನಿ."

"ನಾನು ಸಹಿ ಹಾಕಲ್ಲ."

"ಬೇಕಿಲ್ಲ ತಾಯಿ. ಯಜಮಾನರು ಹಾಕವ್ರೆ."

ತಿಪ್ಪೇಶಿಯ ಕಡೆ ತಿರುಗಿದೆ. ಅವನು ಗೋಡೆ ನೋಡುತ್ತಿದ್ದ. "ನೋಡೋಕಾಗ್ತಿಲ್ಲ ಕಣೇ ರುದ್ರಿ," ಎಂದ. "ಆ ಹೊಟ್ಟೆ ನೋಡೋಕಾಗ್ತಿಲ್ಲ."

"ಅವ್ನ್ನ ಬೈಬೇಡ," ಎಂದರು ಅತ್ತೆ. "ಮೂರು ಸಲ ಆತು. ಹೋಗ್ತೀನಿ ಅಂತ ಅದೇ ಹೇಳ್ತೈತೆ. ಹಿಡ್ಕಂಡ್ರೆ ಬಿದ್ದು ಸಾಯ್ತೈತೆ. ಕೊಟ್ರೆ ಮೇಲಿರ್ತೈತೆ. ನೀನೂ ಸಂಜೆ ನನ್ ಜೊತೆ ಮಾಳಿಗೆಗೆ ಬಾ."

"ನೀವು ಕೊಟ್ರಿ ಅತ್ತೆ. ನಾನು ಕೊಡಲ್ಲ. ನನ್ನ ಮಗಳು ಗಾಳಿಪಟ ಅಲ್ಲ."

ಗುರುಪಾದಪ್ಪ ಪುಸ್ತಕ ಬಿಡಿಸಿ, ಕನ್ನಡಕ ಏರಿಸಿ, ಐದನೇ ಪೆಟ್ಟಿಗೆಯ ಪುಟದಲ್ಲಿ ಮೂರನೆಯ ಗೆರೆ ಎಳೆಯಲು ಪೆನ್ನು ಹಿಡಿದರು. ನಾನು ಆ ಪುಟದ ಮೇಲೆ ಅಂಗೈ ಇಟ್ಟೆ.

"ಇದು ಅವಳದ್ದಲ್ಲ," ಎಂದೆ. "ನಂದು."

ಬ್ಯಾಗಿನಿಂದ ಟೊಪ್ಪಿಗೆ, ಕಾಲುಚೀಲ ತೆಗೆದು ಪುಸ್ತಕದ ಮೇಲೆ ಕೊಡವಿದೆ. ನಾಲ್ಕು ಸೀಲುಗಳು ಉರುಳಿದವು. ಒಂದು ಕೆಳಗೆ ಬಿದ್ದು ಟಣ್ ಎಂದು ಸದ್ದು ಮಾಡಿತು. ಬಾಗಿಲಲ್ಲಿ ನಿಂತಿದ್ದ ನೂರ್‌ಜಾನ್ ಸಿಸ್ಟರ್ ಹಣೆ ಹಿಡಿದುಕೊಂಡರು. ಅವರಿಗೆ ಎಲ್ಲ ಒಮ್ಮೆಲೇ ಅರ್ಥವಾಗಿತ್ತು.

"ಕಂಡಕ್ಟರಮ್ಮ, ಎಂಟು ಎಂಎಲ್ ಕುಡಿಸ್ದೆ ನಾನು. ನನ್ನ ಕೈಯಾರೆ ಕುಡಿಸ್ದೆ. ಹತ್ತು ಬೆರಳಿನ ಕೂಸಿಗೆ."

"ಹೌದು ಸಿಸ್ಟರ್. ನನ್ನಿಂದ."

ಡಾಕ್ಟರನ್ನು ಕರೆತಂದರು. ಅವರು ಸೀಲನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಪೆನ್ನಿನ ಮುಚ್ಚಳ ಅವರ ಕೈಯಿಂದ ಜಾರಿ ಎಲ್ಲೋ ಹೋಗಿತ್ತು.

"ಏನು ಮಾಡಿದ್ರಿ ಗೊತ್ತೇನಮ್ಮ?"

"ಗೊತ್ತು ಸಾರ್. ಅದಕ್ಕೇ ಹೇಳ್ತಿರೋದು. ತಪ್ಪು ಟಿಕೆಟ್ ಹರಿದು ಕೊಟ್ರೆ ಚೆಕಿಂಗ್‌ನೋರು ನನ್ನ ಹಿಡೀತಾರೆ, ಪ್ಯಾಸೆಂಜರನ್ನ ಕೆಳಗಿಳಿಸಲ್ಲ. ನನಗೇನು ಶಿಕ್ಷೆಯೋ ಕೊಡಿ. ಅವಳಾಗಿ ಏರಿಲ್ಲ. ಮೊದಲ್ನೇದು ಅವಳದ್ದು, ಎರಡನೇದು ಅವಳದ್ದು, ಇದು ನನ್ನ ಹೆಸರಿಗೆ ಬರೀರಿ."

"ಹಂಗೆ ಬರೆಯೋಕೆ ಜಾಗ ಇಲ್ಲ ತಾಯಿ," ಎಂದರು ಗುರುಪಾದಪ್ಪ. "ಗೆರೆ ಎಳೀತೀವಿ ಅಷ್ಟೆ. ಯಾಕೆ ಏರ್ತು ಅಂತ ಯಾರೂ ಬರೆಯಲ್ಲ."

"ಯಾಕೆ ಬರೆಯಲ್ಲ?"

ಅವರು ಪುಸ್ತಕವನ್ನೇ ನೋಡುತ್ತಿದ್ದರು. ಯಾರೂ ಇದುವರೆಗೆ ಕೇಳಿರಲಿಲ್ಲವೆಂದು ಕಾಣುತ್ತದೆ.

ಆಗ ಅತ್ತೆ ಒಂದು ಹೆಜ್ಜೆ ಮುಂದೆ ಬಂದರು. ಅವರ ದನಿ ಬದಲಾಗಿತ್ತು. "ಗುರುಪಾದಪ್ಪ, ನನ್ ಕೂಸಿಂದು ಮೂರನೇದು ಯಾರದ್ದಾಗಿತ್ತು?"

"ಆಗ ನಮ್ಮಪ್ಪ ಇದ್ದರಮ್ಮ. ನಾನಲ್ಲ."

"ಪುಸ್ತಕ ಐತಲ್ಲ. ನೋಡಿ ಹೇಳು. ಮೊದಲ್ನೇದು ಜ್ವರ. ಎರಡ್ನೇದು ಕಾಮಾಲೆ, ಮೈಯೆಲ್ಲ ಅರಿಶಿನ. ಮೂರನೇದು ಏನಂತ ಯಾರೂ ನನಗೆ ಹೇಳ್ಲಿಲ್ಲ. ಬೆಳಿಗ್ಗೆ ಬಂದೆ, ಏರೈತೆ ಅಂದ್ರು, ಹೊಸ ಬಟ್ಟೆ ತರಿಸ್ರಿ ಅಂದ್ರು. ಯಾರಾದ್ರೂ ಏನಾದ್ರೂ ಮಾಡಿದ್ರೋ ಏನೋ. ಕಿಟಕಿ ತೆಗೆದಿಟ್ಟಿದ್ರೋ. ಹಾಲು ತಣ್ಣಗಿತ್ತೋ. ಮೂವತ್ನಾಕು ವರ್ಷ ಆತು, ಅದೇ ಹೋಗ್ತೀನಿ ಅಂತು ಅಂತ ನಂಬ್ಕೊಂಡು ಕೂತೀನಿ."

"ಅದನ್ನೆಲ್ಲ ಬರೆದಿಟ್ಟಿಲ್ಲಮ್ಮ," ಎಂದರು ಗುರುಪಾದಪ್ಪ.

ವಾರ್ಡಿನೊಳಗಿಂದ ಯಾವುದೋ ಪೆಟ್ಟಿಗೆಯ ಯಂತ್ರ ಬೀಪ್ ಬೀಪ್ ಎನ್ನುತ್ತಿತ್ತು. ಅತ್ತೆ ಕೈಯಲ್ಲಿದ್ದ ಹೊಸ ಬಟ್ಟೆಯನ್ನು ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಿಂಡಿಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದರು.

"ಹೋಗಪ್ಪ, ಬಿಸಿಲೇರೋ ಮುಂಚೆ ಮನೆ ಸೇರ್ಕೋ," ಎಂದರು. "ಇದು ಎರಡೇ."

ಗುರುಪಾದಪ್ಪ ಡಾಕ್ಟರ ಮುಖ ನೋಡಿದರು. ಡಾಕ್ಟರು ಪುಸ್ತಕವನ್ನು ತಾವೇ ಮುಚ್ಚಿ ಅವರ ಕಂಕುಳಿಗೆ ಕೊಟ್ಟರು. ಆಮೇಲೆ ನನ್ನತ್ತ ತಿರುಗಿ, "ನಿಮಗಿನ್ನು ಒಳಗೆ ಪ್ರವೇಶ ಇಲ್ಲ. ಇವತ್ತಿನಿಂದಲೇ," ಎಂದರು. ನಾನು ತಲೆಯಾಡಿಸಿದೆ. ಬದುಕಿದರೆ ಮನೆಗೆ ಬರುವವರೆಗೆ ಅವಳನ್ನು ಮುಟ್ಟುವ ಹಾಗಿಲ್ಲ. ಇಲ್ಲದಿದ್ದರೆ ಯಾವತ್ತೂ ಇಲ್ಲ. ತಲೆಯಾಡಿಸುವಾಗ ಅದು ತಿಳಿದೇ ಇತ್ತು.

ವಾರ್ಡಿಗೂ ಪಡಸಾಲೆಗೂ ನಡುವೆ ಒಂದು ದೊಡ್ಡ ಗಾಜಿನ ಕಿಟಕಿ. ಅದರ ಎದುರಿನ ಬೆಂಚು ನನ್ನ ಪಾಲಿಗೆ ಬಂತು. ತಿಪ್ಪೇಶಿ ಬಂದು ಆಚೆ ತುದಿಯಲ್ಲಿ ಕೂತ. ನಮ್ಮಿಬ್ಬರ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.

"ಸೀಸ ಕಟ್ಟೋ ಮುಂಚೆ ನನ್ನ ಕೇಳಬಹುದಿತ್ತು," ಎಂದ.

"ಸಹಿ ಹಾಕೋ ಮುಂಚೆ ನೀವೂ ನನ್ನ ಕೇಳಬಹುದಿತ್ತು."

ಅಷ್ಟೇ. ಆ ವಿಷಯಕ್ಕೆ ನಾವು ಆಮೇಲೆಂದೂ ಜಗಳವಾಡಿಲ್ಲ. ಅದಕ್ಕಿಂತ ಹೆಚ್ಚು ಆಡುವುದಕ್ಕೆ ಇಬ್ಬರಿಗೂ ಮುಖವಿರಲಿಲ್ಲ.

ಒಂಬತ್ತು ದಿನ ಕೆಂಚಿ ಹದಿಮೂರರಲ್ಲೇ ನಿಂತಳು. ಹೊಟ್ಟೆ ಇಳಿಯಿತು, ನಂಜು ಇಳಿಯಿತು, ಅವಳು ಮಾತ್ರ ಇಳಿಯಲಿಲ್ಲ. ಮುಚ್ಚಳಕ್ಕೆ ಒತ್ತಿ ಒತ್ತಿ ಮೂಗಿನ ತುದಿಯಲ್ಲಿ ಒಂದು ಕೆಂಪು ಗುರುತು ಬಿತ್ತು. ಹತ್ತನೆಯ ದಿನ ನೂರ್‌ಜಾನ್ ಸಿಸ್ಟರ್ ಪಡಸಾಲೆಗೆ ಬಂದು, ನನ್ನನ್ನು ನೋಡದೆ, ನನ್ನ ಪಕ್ಕದಲ್ಲಿದ್ದ ತಿಪ್ಪೇಶಿಯನ್ನು ಮೇಲಿಂದ ಕೆಳಗೆ ಅಳೆದರು.

"ಅಮ್ಮ ಒಳಗೆ ಬರಂಗಿಲ್ಲ. ಅಪ್ಪ ಬರಬೌದಲ್ಲ. ಅಂಗಿ ಬಿಚ್ಚು."

"ಯಾಕೆ ಸಿಸ್ಟರ್?"

"ಎದೆಗೆ ಕಟ್ತೀನಿ. ಗಾಜಿಗೆ ಮೂಗು ಉಜ್ಜೋದಕ್ಕಿಂತ ನಿನ್ನ ಎದೆಗೆ ಉಜ್ಜಲಿ."

"ಸಿಸ್ಟರ್, ಹಂಗೆ ಮಾಡಬೌದು ಅಂತ ಎಲ್ಲೂ ಇಲ್ಲ," ಎಂದರು ಒಳಗಿನಿಂದ ಡಾಕ್ಟರು.

"ಮಾಡಬಾರದು ಅಂತಾನೂ ಎಲ್ಲೂ ಇಲ್ಲ ಸಾರ್. ಗೋಡೆ ಪೂರ್ತಿ ಓದಿದೀನಿ."

"ನನ್ನ ಕೈ ಒರಟು," ಎಂದ ತಿಪ್ಪೇಶಿ.

"ಕೈ ಯಾರು ಕೇಳಿದ್ರು?"

ನನ್ನ ಹಳೆಯ ನೂಲಿನ ಸೀರೆಯೊಂದನ್ನು ಕುದಿಸಿ ಒಣಗಿಸಿ ತಂದೆ. ಒರಗುಕುರ್ಚಿಯಲ್ಲಿ ಮಲಗಿದ ಅವನ ಎದೆಯ ಮೇಲೆ, ನಳಿಗೆ ತಂತಿಗಳ ಸಮೇತ, ಕೆಂಚಿಯನ್ನು ಬೋರಲಾಗಿ ಇಟ್ಟು ಸೀರೆಯಿಂದ ಮೂರು ಸುತ್ತು ಕಟ್ಟಿದರು. ಅವಳು ಮೇಲೇಳಲು ನೋಡಿದಳು. ಸೀರೆ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು. ತಿಪ್ಪೇಶಿ ಉಸಿರು ಬಿಗಿಹಿಡಿದು ಮರದ ಕೊರಡಿನಂತೆ ಮಲಗಿದ್ದ. "ಉಸಿರಾಡು ಮಾರಾಯ," ಎಂದು ಸಿಸ್ಟರ್ ಅವನ ಅಂಗಾಲಿಗೂ ಒಂದು ತಟ್ಟಿದರು. ಹೊರಗೆ ಬಿದ್ದ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು. ಗಾಜಿನಾಚೆ ಇದ್ದುದರಿಂದ ಯಾರಿಗೂ ಕೇಳಿಸಲಿಲ್ಲ.

ಅಂಗಡಿಗೆ ಬೀಗ ಹಾಕಿ ಅವನು ನಲವತ್ತು ದಿನ ಹಗಲೂ ರಾತ್ರಿ ಹಾಗೆ ಮಲಗಿದ. ನಾನು ಪಡಸಾಲೆಯ ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಬಾಗಿಲಲ್ಲಿ ಕೊಡುತ್ತಿದ್ದೆ. ಒಂದು ಎಂಎಲ್‌ನಿಂದ ಮತ್ತೆ ಶುರು ಮಾಡಿದ್ದರು. ಅತ್ತೆ ಮಧ್ಯಾಹ್ನ ರೊಟ್ಟಿ ತರುತ್ತಿದ್ದರು, ತಂದವರು ಸಂಜೆಯವರೆಗೂ ನನ್ನ ಪಕ್ಕದಲ್ಲೇ ಕೂತಿರುತ್ತಿದ್ದರು. ಮಾಳಿಗೆಗೆ ಹೋಗುವ ಹೊತ್ತಾಯಿತಲ್ಲ ಅತ್ತೆ ಎಂದು ಒಂದು ದಿನ ನಾನೇ ನೆನಪಿಸಿದೆ. "ಮೊಣಕಾಲು ನೋಯ್ತೈತೆ," ಎಂದರು. ಸೀರೆಯ ಉಬ್ಬನ್ನು ನಾವಿಬ್ಬರೂ ಕಣ್ಣಲ್ಲೇ ಅಳೆಯುತ್ತಿದ್ದೆವು. ಹನ್ನೆರಡಿರಬೇಕು, ಹನ್ನೊಂದಿರಬೇಕು, ಇಲ್ಲ ರುದ್ರಿ ಹನ್ನೊಂದೂವರೆ. ನಡುವೆ ಎರಡು ಸಲ ಅವಳು ಉಸಿರು ಮರೆತಳು. ಎರಡು ಸಲವೂ ಅಪ್ಪನ ಎದೆ ಏರಿಳಿಯುವುದು ಕಂಡು ತಾನಾಗಿ ನೆನಪಿಸಿಕೊಂಡಳು. ಎಂಟು. ಆರು. ಹಳೆಯ ಎರಡನ್ನೂ ಹೊಡೆದು ಹಾಕಿದ ಮೇಲೆ ಒಂದು ದಿನ ಮತ್ತೆ ಏಳು. ನಾಲ್ಕು.

ನಲವತ್ತೊಂದನೆಯ ಬೆಳಿಗ್ಗೆ ನಾನು ಹಾಲು ಕೊಟ್ಟು ಬಂದು ಕಿಟಕಿಯ ಮುಂದೆ ನಿಂತಾಗ ಸೀರೆ ಚಪ್ಪಟೆಯಾಗಿತ್ತು. ಹಿಂದಿನ ದಿನ ಸಂಜೆಯಷ್ಟೇ ನಾಲ್ಕು ಬೆರಳಿನಷ್ಟು ಉಬ್ಬಿತ್ತು. ಈಗ ತಿಪ್ಪೇಶಿಯ ಎದೆಗೆ ಅಂಟಿಕೊಂಡು, ಮಡಿಸಿಟ್ಟ ಬಟ್ಟೆಯಂತೆ, ಏನೂ ಇಲ್ಲದಂತೆ. ತಿಪ್ಪೇಶಿ ಕಣ್ಣು ಮುಚ್ಚಿದ್ದ. ಅವತ್ತು ಬೇಗನೆ ಬಂದಿದ್ದ ಅತ್ತೆ ನನ್ನ ತೋಳನ್ನು ಹಿಡಿದರು. ಅವರ ಉಗುರು ಚುಚ್ಚುತ್ತಿದ್ದದ್ದು ಗೊತ್ತಾಗುತ್ತಿತ್ತು. ನಾನು ಎರಡೂ ಮುಷ್ಟಿಯಿಂದ ಗಾಜನ್ನು ಗುದ್ದಿದೆ. ತಿಪ್ಪೇಶಿ ನಿದ್ದೆಯಿಂದ ಬೆಚ್ಚಿ ಎದ್ದು, ಏನೇ ಎಂಬಂತೆ ಬಾಯಿ ಆಡಿಸಿದ. ನೂರ್‌ಜಾನ್ ಸಿಸ್ಟರ್ ಓಡಿ ಬಂದು ಸೀರೆಯ ಗಂಟು ಸಡಿಲಿಸಿ ಒಳಗೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಅವರು ತಿರುಗದೆಯೇ ಬಲಗೈ ಎತ್ತಿ ಒಂದು ಬೆರಳು ತೋರಿಸಿದರು. ಒಂದು ಏನು? ಒಂದು ನಿಮಿಷವೇ? ಒಂದು ಸಲ ಒಳಗೆ ಬಾ ಎಂದೇ? ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸೀರೆಯ ಸಂದಿಯಿಂದ ಒಂದು ಪಾದ ಹೊರಬಂದು ತಿಪ್ಪೇಶಿಯ ಹೊಟ್ಟೆಗೆ ಒದೆಯಿತು.

"ಒಂದು ಬೆರಳಿಗೆ ಬಂದವ್ಳೆ," ಎಂದರು ಅತ್ತೆ, ಕೂತುಕೊಳ್ಳುತ್ತ. ಬೆಂಚು ಎಲ್ಲಿದೆ ಎಂದು ನೋಡದೆ ನೆಲಕ್ಕೇ ಕೂತರು.

ಆದರೆ ಆ ಒಂದು ಬೆರಳು ಹೋಗಲೇ ಇಲ್ಲ. ಎರಡು ವಾರ ಕಾದೆವು. ಕೆಂಚಿ ಕೊಬ್ಬಿದಳು, ಗಟ್ಟಿಯಾಗಿ ಅತ್ತಳು, ನಳಿಗೆ ಕಿತ್ತೆಸೆದಳು. ಪೆಟ್ಟಿಗೆಯಿಂದ ತೊಟ್ಟಿಲಿಗೆ ಬಂದಳು. ತೊಟ್ಟಿಲಿನಲ್ಲೂ ಹಾಸಿಗೆಗೂ ಅವಳ ಬೆನ್ನಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದಿ. ಡಾಕ್ಟರು ದಿನಾ ತೂರಿಸಿ ನೋಡುತ್ತಿದ್ದರು.

"ಕೆಲವು ಅಲ್ಲೇ ನಿಂತುಬಿಡ್ತವೆ," ಎಂದರು ಬಾಗಿಲಿನಾಚೆಯಿಂದ. "ಜ್ವರ ಬಂದಾಗ ಇನ್ನೂ ಒಂದೆರಡು ಬೆರಳು ಏರಬೌದು. ನೆಲ ಮುಟ್ಟದ ಕೂಸನ್ನ ಮನೆಗೆ ಕಳಿಸಿದ್ದು ಇಲ್ಲಿವರೆಗೆ ಇಲ್ಲ. ಇನ್ನೊಂದು ತಿಂಗಳು ನೋಡೋಣ."

"ನೆಲ ಮುಟ್ಟಿ ಏನು ಮಾಡಬೇಕು ಸಾರ್ ಅವಳು? ಹಾಲು ಕುಡೀತಾಳೆ, ಉಸಿರಾಡ್ತಾಳೆ, ಬೈದ್ರೆ ತಿರುಗಿ ಬೈತಾಳೆ. ನನ್ನ ಮಗಳನ್ನ ನನಗೆ ಕೊಡಿ."

ಅವರು ತಮ್ಮ ಬರಿ ಪೆನ್ನನ್ನು ಸುಮ್ಮನೆ ತಿರುಗಿಸಿದರು. ಆಮೇಲೆ ಕಾಗದದ ಮೇಲೆ ಬರೆದರು. ನೆಲ ಮುಟ್ಟಿದೆ ಎಂಬ ಕಡೆ ಇಲ್ಲ ಎಂದು ಬರೆದು, ಅದರ ಕೆಳಗೇ ಮನೆಗೆ ಕಳಿಸಲಾಗಿದೆ ಎಂದು ಬರೆದರು.

ಬಾಗಿಲಲ್ಲಿ ನೂರ್‌ಜಾನ್ ಸಿಸ್ಟರ್ ಅವಳನ್ನು ನನ್ನ ತೋಳಿಗೆ ಕೊಟ್ಟರು. ಅರವತ್ತನಾಲ್ಕು ದಿನದ ಮೇಲೆ ಮುಟ್ಟಿದೆ. ತೋಳಿಗೆ ಭಾರವೇ ಇರಲಿಲ್ಲ, ಬಿಸಿ ಮಾತ್ರ ಇತ್ತು. "ಕೆಂಚಮ್ಮ," ಎಂದು ಸಿಸ್ಟರ್ ಅವಳ ಕೆನ್ನೆ ಹಿಂಡಿದರು. "ಮತ್ತೆ ಬರಬೇಡ."

ಅತ್ತೆ ಒಂದು ಕೌದಿ ತಂದಿದ್ದರು. ಅಂಚಿನಲ್ಲಿ ಸಣ್ಣ ಕಲ್ಲು ಸೇರಿಸಿ ಹೊಲಿದದ್ದು. "ದಾರಿಗಷ್ಟೇ," ಎಂದರು, ನನ್ನ ಮುಖ ನೋಡಿ ಅಳುಕುತ್ತ. "ಮಂದಿ ಕಣ್ಣು. ಒಂದು ಬೆರಳು ಅಂತ ಗೊತ್ತಾದ್ರೆ ಆಡ್ಕಂತಾರೆ. ನಾಳೆ ದೊಡ್ಡೋಳಾದ್ ಮೇಲೆ ಯಾರು ಮಾಡ್ಕಂತಾರೆ."

"ಸೀಸ, ಕಲ್ಲು ಎಲ್ಲಾ ಸಾಕು ಅತ್ತೆ."

ನನ್ನದೇ ರೂಟಿನ ಮೂರನೇ ನಂಬರ್ ಬಸ್ಸು ಹತ್ತಿದೆವು. ಹನ್ನೊಂದೂವರೆಯ ಟ್ರಿಪ್ಪು, ಸಂತೆಗೆ ಹೋಗುವವರಿಂದ ತುಂಬಿ ತುಳುಕುತ್ತಿತ್ತು. ನನ್ನ ಬದಲಿಗೆ ಬಂದಿದ್ದ ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಟ್ಟ. ಕೆಂಚಿಯನ್ನು ತೊಡೆಯ ಮೇಲೆ ಮಲಗಿಸಿ, ಸೀರೆಯ ಸೆರಗನ್ನು ಅವಳ ಸೊಂಟಕ್ಕೆ ಒಂದು ಸುತ್ತು ತಂದು ಹಿಡಿದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಬಗ್ಗಿ ನೋಡಿದಳು.

"ಎಷ್ಟು ದಿನದ್ದವ್ವಾ? ನೆಲ ಮುಟ್ಟೈತಾ?"

ತಿಪ್ಪೇಶಿ ಕಿಟಕಿಯ ಕಡೆ ತಿರುಗಿದ, ಮತ್ತೆ ಈ ಕಡೆ ತಿರುಗಿದ. "ಇಲ್ಲ," ಎಂದ ಅವನೇ.

"ಇಲ್ಲ," ಎಂದೆ ನಾನೂ, ಬಸ್ಸಿನ ಹಿಂದಿನ ಸೀಟಿಗೆ ಕೇಳುವ ನನ್ನ ಡ್ಯೂಟಿಯ ದನಿಯಲ್ಲಿ. "ಒಂದು ಬೆರಳು ಮೇಲಿದಾಳೆ. ಹಂಗೇ ಇರ್ತಾಳೆ. ನೋಡೋರು ಈಗ್ಲೇ ನೋಡ್ಕೊಂಡುಬಿಡಿ, ಆಮೇಲೆ ಮನೆ ಬಾಗಿಲಿಗೆ ಬರಬೇಡಿ." ಹೊದಿಸಿದ್ದ ಬಟ್ಟೆ ತೆಗೆದುಬಿಟ್ಟೆ.

ಜನ ನೋಡಿದರು. ಸೀಟಿನ ಮೇಲಿಂದ ಕತ್ತು ಚಾಚಿ, ಕಂಬಿ ಹಿಡಿದು ಬಗ್ಗಿ ನೋಡಿದರು. ಪಕ್ಕದ ಹೆಂಗಸು ಬುಟ್ಟಿಯನ್ನು ತನ್ನತ್ತ ಎಳೆದುಕೊಂಡು ಒಂದಿಷ್ಟು ಸರಿದಳು. ಹಿಂದಿನಿಂದ ಯಾರೋ ಗಂಡಸು "ಅಯ್ಯೋ ಪಾಪ" ಎಂದ. ಅತ್ತೆ ಅತ್ತ ತಿರುಗಿ, "ಯಾರಿಗಪ್ಪಾ ಪಾಪ? ನಿನಗಾ?" ಎಂದರು.

ಅದೇ ಹೊತ್ತಿಗೆ ಬಸ್ಸು ಹುಣಸೆಮರದ ತಿರುವಿನ ದೊಡ್ಡ ಗುಂಡಿಗೆ ಇಳಿದು ಎದ್ದಿತು. ಬುಟ್ಟಿ ಹಾರಿತು. ಟೊಮೆಟೊ ಹಾರಿದವು. ನಾನು, ತಿಪ್ಪೇಶಿ, ಅತ್ತೆ, ಪಾಪ ಎಂದವನು, ಬಸ್ಸಿನಲ್ಲಿದ್ದ ಅಷ್ಟೂ ಜನ ಸೀಟು ಬಿಟ್ಟು ಗೇಣುದ್ದ ಮೇಲೆದ್ದು, ಹಲ್ಲು ಕಟಕ್ಕೆನ್ನುವಂತೆ ಧೊಪ್ಪನೆ ಕೆಳಗೆ ಕೂತೆವು. ಕೆಂಚಿ ಎಲ್ಲಿದ್ದಳೋ ಅಲ್ಲೇ ಇದ್ದಳು. ನಮ್ಮನ್ನೆಲ್ಲ ಒಮ್ಮೆ ನೋಡಿ, ಬಾಯಿ ಅಗಲಿಸಿ ಆಕಳಿಸಿದಳು.